ಅತ್ತಿಮರ ಮತ್ತು ಚೋರೆಹಕ್ಕಿ: ಎಂಟನೇ ತರಗತಿ ಪ್ರಾಜೆಕ್ಟ್‌ಗೆ ಯಾವುದನ್ನು ಹೋಲಿಸಬೇಕು, ಹೇಗೆ ಅಳೆಯಬೇಕು?

ಸೀಮೆಸುಣ್ಣ (ಪ್ರಶ್ನೆ)

ಎಂಟನೇ ತರಗತಿಗೆ ‘ಒಂದು ಸಸ್ಯ, ಒಂದು ಪ್ರಾಣಿ’ ಹೋಲಿಕೆಯ ಪ್ರಾಜೆಕ್ಟ್ ಇದೆ. ಶಾಲೆ ಕಾಂಪೌಂಡಿನಲ್ಲಿ ದೊಡ್ಡ ಅತ್ತಿಮರ, ಅದರ ಪಕ್ಕದ ದಾಸವಾಳದ ಪೊದೆಯಲ್ಲಿ ಚೋರೆಹಕ್ಕಿ ಗೂಡು. ಹಾಗಾಗಿ ಮಕ್ಕಳು ಅವೆರಡನ್ನೇ ಆರಿಸಿಕೊಂಡಿದ್ದಾರೆ. ಈಗ ಬರೆದುಕೊಂಡಿರುವ ಪಟ್ಟಿ ಹೀಗಿದೆ:

ಉಸಿರಾಟ: ಮರ ಇಂಗಾಲದ ಡೈಆಕ್ಸೈಡ್, ಹಕ್ಕಿ ಆಮ್ಲಜನಕ
ಚಲನೆ: ಮರಕ್ಕೆ ಇಲ್ಲ, ಹಕ್ಕಿಗೆ ಇದೆ
ಸಂತಾನ: ಬೀಜ, ಮೊಟ್ಟೆ
ಮರಿ ಸಾಕಣೆ: ಮರಕ್ಕೆ ಇಲ್ಲ, ಹಕ್ಕಿಗೆ ಇದೆ
ಆಯಸ್ಸು: ನೂರಾರು ವರ್ಷ, ಗೊತ್ತಿಲ್ಲ
ಪರಸ್ಪರ ಸಂಬಂಧ: ಚೋರೆ ಅತ್ತಿಹಣ್ಣು ತಿಂದು ಬೀಜ ಹರಡುತ್ತದೆ

ಇಷ್ಟನ್ನೇ ಚಾರ್ಟಿನಲ್ಲಿ ಬಣ್ಣ ಹಚ್ಚಿ ಬರೆದರೆ ಅರ್ಧ ದಿನದ ಕೆಲಸ, ಕಲಿಯೋದು ಏನೂ ಇಲ್ಲ. ಮಕ್ಕಳೇ ಅಳೆದು, ಎಣಿಸಿ, ನೋಡಿ ತುಂಬಿಸುವಂಥ ಅಂಶಗಳು ಬೇಕು. ಸಮಯ ಮೂರು ವಾರ. ಇರುವ ಸಾಮಾನು: ಟೈಲರ್ ಟೇಪ್, ಜಾಮಿಟ್ರಿ ಬಾಕ್ಸ್, ಎರಡು ಹ್ಯಾಂಡ್ ಲೆನ್ಸ್, ಒಂದು ಹಳೇ ಬೈನಾಕ್ಯುಲರ್. ಲ್ಯಾಬ್ ಇಲ್ಲ. ಪಟ್ಟಿಯಲ್ಲಿ ತಪ್ಪಿದ್ದರೆ ದಯವಿಟ್ಟು ತಿದ್ದಿ.

---

ಬೇರು_ಬಿಳಲು

ಮೇಷ್ಟ್ರೇ, ಮೊದಲ ಸಾಲೇ ತಪ್ಪು. ಈ ತಪ್ಪು ಎಷ್ಟು ಗಟ್ಟಿಯಾಗಿ ಬೇರೂರಿದೆ ಅಂದರೆ ಡಿಗ್ರಿ ಓದಿದವರೂ ಹೀಗೇ ಹೇಳ್ತಾರೆ. ಮರ ಉಸಿರಾಡೋದು ಆಮ್ಲಜನಕವನ್ನೇ, ಹಗಲೂ ರಾತ್ರಿಯೂ. ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳೋದು ಅಡುಗೆಗೆ, ಅಂದರೆ ದ್ಯುತಿಸಂಶ್ಲೇಷಣೆಗೆ. ಅದು ಬೆಳಕಿದ್ದಾಗ ಮಾತ್ರ. ಹೋಲಿಸಬೇಕಾದ್ದು ‘ಉಸಿರಾಟ’ ಅಲ್ಲ, ‘ಊಟ ಎಲ್ಲಿಂದ’ ಅನ್ನೋದನ್ನ.

ಇದನ್ನು ಲ್ಯಾಬ್ ಇಲ್ಲದೆ ತೋರಿಸಬಹುದು. ಎಲೆಅಡಿಕೆ ಸುಣ್ಣ ಒಂದು ಟೀ ಚಮಚ, ನೀರು ಒಂದು ಲೀಟರ್. ಕಲಕಿ ರಾತ್ರಿಯಿಡೀ ಮುಚ್ಚಿಡಿ, ಬೆಳಗ್ಗೆ ಮೇಲಿನ ತಿಳಿನೀರನ್ನು ಮಾತ್ರ ಬಗ್ಗಿಸಿಕೊಳ್ಳಿ. ಅಗಲ ಬಾಯಿಯ ಮೂರು ಉಪ್ಪಿನಕಾಯಿ ಬಾಟಲಿ ತಗೊಂಡು ಪ್ರತಿಯೊಂದರಲ್ಲೂ ಸಣ್ಣ ಲೋಟದಲ್ಲಿ ಈ ತಿಳಿ ಇಡಿ. ಮೊದಲನೆಯದರಲ್ಲಿ ಹತ್ತು ಹದಿನೈದು ಹಸಿ ಅತ್ತಿ ಎಲೆ ಹಾಕಿ ಹೊರಗೆ ಕಪ್ಪು ಕಾಗದ ಸುತ್ತಿ. ಎರಡನೆಯದರಲ್ಲಿ ಒಂದು ಹಿಡಿ ಮೊಳಕೆ ಹೆಸರುಕಾಳು. ಮೂರನೆಯದು ಖಾಲಿ. ಮುಚ್ಚಳ ಬಿಗಿ ಮಾಡಿ ಒಂದು ರಾತ್ರಿ ಬಿಟ್ಟರೆ ಮೊದಲ ಎರಡರಲ್ಲಿ ತಿಳಿ ಹಾಲಿನ ಹಾಗೆ ಬೆಳ್ಳಗಾಗುತ್ತೆ. ಖಾಲಿ ಬಾಟಲಿಯಲ್ಲಿ ಮೇಲೊಂದು ತೆಳು ಕೆನೆ ಕಟ್ಟಬಹುದು, ಅಷ್ಟೆ. ಆ ಖಾಲಿ ಬಾಟಲಿ ಇಡದೆ ಮಾಡಿದರೆ ಪ್ರಯೋಗಕ್ಕೆ ಅರ್ಥವಿಲ್ಲ. ಸುಣ್ಣದ ನೀರು ಕಣ್ಣಿಗೆ ಹಾರಿದರೆ ಅಪಾಯ, ಬಗ್ಗಿಸೋ ಕೆಲಸ ನೀವೇ ಮಾಡಿ. ಹಕ್ಕಿಯನ್ನು ಬಾಟಲಿಗೆ ಹಾಕೋ ಪ್ರಶ್ನೆಯೇ ಇಲ್ಲ. ಅದರ ಬದಲಿಗೆ ಒಬ್ಬ ಹುಡುಗ ಸ್ಟ್ರಾದಲ್ಲಿ ತಿಳಿಗೆ ಊದಲಿ. ಊದಬೇಕು, ಹೀರಬಾರದು. ಹಕ್ಕಿ ಉಸಿರಿನಲ್ಲಿ ಬಿಡೋದೂ ಅದೇ ಗಾಳಿ.

ಇನ್ನು ಅಳತೆ. ಸುತ್ತಳತೆಯನ್ನು ನೆಲದಿಂದ 1.3 ಮೀಟರ್ ಎತ್ತರದಲ್ಲಿ ತಗೋಬೇಕು. ಅತ್ತಿಗೆ ಬುಡದಲ್ಲಿ ಹಲಗೆಬೇರು ಇರುತ್ತೆ. ಅದು 1.3 ಮೀಟರಿಗಿಂತ ಮೇಲಕ್ಕೆ ಹೋಗಿದ್ದರೆ, ಬೇರು ಮುಗಿದ ಜಾಗದಿಂದ ಇನ್ನೂ ಒಂದು ಗೇಣು ಮೇಲೆ ಅಳೆದು ‘ಇಷ್ಟು ಎತ್ತರದಲ್ಲಿ’ ಅಂತ ಬರೆದಿಡಿ. ಕಾಯಿಗೊಂಚಲು ಅಡ್ಡ ಬಂದರೆ ಟೇಪನ್ನು ಅದರ ಕೆಳಗೆ ತೂರಿಸಿ, ಮೇಲೆ ಎಳೆಯಬೇಡಿ. ಸುತ್ತಳತೆ 220 ಸೆಂ.ಮೀ. ಬಂದರೆ ವ್ಯಾಸ 220 ÷ 3.14, ಅಂದರೆ ಸುಮಾರು 70 ಸೆಂ.ಮೀ.

ಎತ್ತರಕ್ಕೆ 45 ಡಿಗ್ರಿ ಸೆಟ್‌ಸ್ಕ್ವೇರ್ ಸಾಕು. ಕೆಳ ಅಂಚು ನೆಲಕ್ಕೆ ಸಮವಾಗಿರಲಿ. ಇಳಿಜಾರು ಅಂಚಿನುದ್ದಕ್ಕೂ ಕಣ್ಣಿಟ್ಟು ಮರದ ತುದಿ ಕಾಣುವವರೆಗೆ ಹಿಂದಕ್ಕೆ ನಡೆಯಿರಿ. ಕಾಂಡದಿಂದ ನಿಂತ ಜಾಗಕ್ಕೆ 13 ಮೀಟರ್, ಹುಡುಗನ ಕಣ್ಣಿನ ಎತ್ತರ 1.4 ಅಂದರೆ ಮರ 14.4 ಮೀಟರ್. ಅತ್ತಿಯಂಥ ಹರಡಿದ ಮರದಲ್ಲಿ ಒಂದು ಮೋಸ ಇದೆ: ನಮಗೆ ತುದಿ ಅಂತ ಕಾಣೋದು ಸಾಮಾನ್ಯವಾಗಿ ನಮ್ಮ ಕಡೆ ಚಾಚಿರುವ ಕೊಂಬೆ, ನಿಜವಾದ ನೆತ್ತಿಯಲ್ಲ. ಆಗ ಲೆಕ್ಕ ಹೆಚ್ಚಿಗೆ ಬರುತ್ತೆ. ನಾಲ್ಕು ದಿಕ್ಕಿನಿಂದ ಅಳೆದು, ಅತಿ ಕಡಿಮೆ ಬಂದದ್ದನ್ನು ಇಟ್ಟುಕೊಳ್ಳಿ. ನೆಲ ಇಳಿಜಾರಾಗಿದ್ದರೆ ಆ ದಿಕ್ಕನ್ನೇ ಬಿಟ್ಟುಬಿಡಿ.

‘ಚಲನೆ ಇಲ್ಲ’ ಅನ್ನೋ ಸಾಲನ್ನು ತೆಗೆದು ‘ಬೆಳವಣಿಗೆ ಎಲ್ಲಿ ನಿಲ್ಲುತ್ತೆ’ ಅಂತ ಬರೆಸಿ. ಚೋರೆಗೆ ಎರಡು ರೆಕ್ಕೆ, ಎರಡು ಕಾಲು. ಗೂಡು ಬಿಟ್ಟ ಕೆಲವೇ ವಾರದಲ್ಲಿ ಮೈ ಬೆಳೆದು ಮುಗೀತು, ಒಂದು ರೆಕ್ಕೆ ಹೋದರೆ ಇನ್ನೊಂದು ಬರಲ್ಲ. ಅತ್ತಿಗೆ ಇಷ್ಟೇ ಕೊಂಬೆ ಅನ್ನೋ ಲೆಕ್ಕವೇ ಇಲ್ಲ. ಕಡಿದ ಕಡೆ ಚಿಗುರುತ್ತೆ, ಸಾಯೋವರೆಗೂ ಬೆಳೆಯುತ್ತೆ. ನಾಲ್ಕು ಎಳೇ ರೆಂಬೆಗಳ ತುದಿಗೆ ಬಣ್ಣದ ದಾರ ಕಟ್ಟಿ, ದಾರದಿಂದ ಮೊಗ್ಗಿನ ತುದಿಗೆ ಎಷ್ಟು ಮಿಲಿಮೀಟರ್ ಅಂತ ಮೂರು ದಿನಕ್ಕೊಮ್ಮೆ ಬರೆದರೆ ಮೂರು ವಾರದಲ್ಲಿ ವ್ಯತ್ಯಾಸ ಕಾಣುತ್ತೆ. ದಾರ ಬಿಗಿಯಾಗಬಾರದು.

ಆಯಸ್ಸಿನ ಕಾಲಂ ಬೇಡ. ನಮ್ಮ ಕಡೆಯ ಅತ್ತಿಯಲ್ಲಿ ವರ್ಷಕ್ಕೊಂದು ಉಂಗುರ ಅಂತ ನಂಬೋ ಹಾಗಿಲ್ಲ, ಸುತ್ತಳತೆ ನೋಡಿ ವಯಸ್ಸು ಹೇಳೋಕೂ ಬರಲ್ಲ. ನೀರಿನ ಪಕ್ಕದ ಮರ ಬೇಗ ದಪ್ಪ ಆಗುತ್ತೆ, ಒಣನೆಲದ್ದು ನಿಧಾನ. ‘ನೂರಾರು ವರ್ಷ’ ಅಂತ ಬರೆದರೆ ಅದು ಅಳತೆಯಲ್ಲ, ಗೌರವ.

---

ಮುಂಜಾನೆ_ದುರ್ಬೀನು

ಮೊದಲು ಹಕ್ಕಿ ಯಾವುದು ಅಂತ ಖಚಿತ ಮಾಡಿಕೊಳ್ಳಿ. ಊರಲ್ಲಿ ಚೋರೆ, ಬೆಳವ, ಕಪೋತ ಅಂತ ಎಲ್ಲಕ್ಕೂ ಒಂದೇ ಉಸಿರಲ್ಲಿ ಹೇಳಿಬಿಡ್ತಾರೆ. ಕತ್ತಿನ ಹಿಂಭಾಗದಲ್ಲಿ ಕಪ್ಪು ಬಿಳುಪಿನ ಚೌಕಾಬಾರ ಇದ್ದು, ಬೆನ್ನು ರೆಕ್ಕೆಗಳ ಮೇಲೆ ತಿಳಿ ಚುಕ್ಕೆಗಳಿದ್ದರೆ ಅದು ಚುಕ್ಕೆ ಬೆಳವ. ದಾಸವಾಳದ ಪೊದೆ ಅಂದರೆ ಬಹುಪಾಲು ಇದೇ. ಕತ್ತಿನ ಹಿಂದೆ ಒಂದೇ ಕಪ್ಪು ಪಟ್ಟಿ ಅರ್ಧ ಸರದ ಹಾಗೆ ಇದ್ದರೆ ಕಂಠಪಟ್ಟಿಯ ಬೆಳವ, ಅದು ಬಯಲುಸೀಮೆ ಕಡೆ ಹೆಚ್ಚು. ಹಿಂಭಾಗ ಸಾದಾ ಇದ್ದು ಗಂಟಲಿನ ಮುಂದೆ ಇಟ್ಟಿಗೆ ಬಣ್ಣದ ಮೇಲೆ ಕಪ್ಪು ಚುಕ್ಕೆ ಇದ್ದರೆ ಅದು ಪುಟ್ಟ ಬೆಳವ. ಮರಿಗಳಿಗೆ ಚೌಕಾಬಾರ ಇನ್ನೂ ಬಂದಿರಲ್ಲ, ಅದಕ್ಕೇ ದೊಡ್ಡ ಹಕ್ಕಿ ನೋಡಿಯೇ ಗುರುತಿಸಿ. ನಮ್ಮ ಚುಕ್ಕೆ ಬೆಳವವನ್ನು ಆಗ್ನೇಯ ಏಷ್ಯಾದ್ದರಿಂದ ಬೇರೆ ಪ್ರಭೇದ ಅಂತ ಎಣಿಸುವ ಪಟ್ಟಿಗಳೂ ಇವೆ, ಅದರ ಗೊಡವೆ ಎಂಟನೇ ತರಗತಿಗೆ ಬೇಡ.

ಉದ್ದ ಸುಮಾರು 30 ಸೆಂ.ಮೀ., ತೂಕ 120ರಿಂದ 160 ಗ್ರಾಂ ಆಸುಪಾಸು. ಇದನ್ನು ಬರೆದುಕೊಳ್ಳಲಿ, ಅಳೆಯೋದು ಬೇಡ. ಕಾಡುಹಕ್ಕಿಯ ಮೊಟ್ಟೆಯನ್ನೋ ಗೂಡನ್ನೋ ಕದಲಿಸಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನೂ ‘ಬೇಟೆ’ ಅಂತಲೇ ಎಣಿಸುತ್ತೆ. ಮಕ್ಕಳಿಗೆ ಇದನ್ನು ಮೊದಲೇ ಹೇಳಿ.

ಗೂಡು ನೋಡೋ ಕ್ರಮ: ಎಂಟು ಹತ್ತು ಮೀಟರ್ ದೂರದಲ್ಲಿ ಒಂದೇ ಜಾಗ ಗೊತ್ತು ಮಾಡಿ, ಅಲ್ಲೇ ಕೂತು ನೋಡಬೇಕು. ಒಂದು ಸಲಕ್ಕೆ ಇಬ್ಬರು, ಬೆಳಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ. ಹತ್ತಿರ ಹೋಗಿ ಇಣುಕಿದರೆ ಹಕ್ಕಿ ದಡಕ್ಕನೆ ಹಾರುತ್ತೆ. ಚೋರೆಯ ಗೂಡು ಅಂದರೆ ಒಂದಷ್ಟು ಕಡ್ಡಿ ಅಡ್ಡಡ್ಡ ಇಟ್ಟದ್ದು, ಕೆಳಗಿನಿಂದ ನೋಡಿದರೆ ಮೊಟ್ಟೆಯೇ ಕಾಣುವಷ್ಟು ತೆಳು. ಹಾರುವ ರಭಸಕ್ಕೆ ಮೊಟ್ಟೆ ಉರುಳಿ ಬೀಳೋದು ಉಂಟು. ಇನ್ನೊಂದು, ನೀವು ದಿನಾ ಎಲ್ಲಿ ನಿಂತು ಏನು ನೋಡ್ತೀರಿ ಅಂತ ಕಾಗೆ, ಕೆಂಬೂತ ಎರಡೂ ಗಮನಿಸ್ತಿರುತ್ತವೆ.

ಬರೆಯಬೇಕಾದ್ದು ಇಷ್ಟೇ: ಗೂಡಿನ ಮೇಲೆ ಹಕ್ಕಿ ಇದೆಯೋ ಇಲ್ಲವೋ, ಪಾಳಿ ಬದಲಾದ ಹೊತ್ತು, ಮರಿ ಇದ್ದರೆ ಎಷ್ಟು ಸಲ ಉಣಿಸಿತು. ಗಂಡು ಹೆಣ್ಣು ನೋಡೋಕೆ ಒಂದೇ ಥರ, ಗುರುತಿಸೋಕೆ ಹೋಗಬೇಡಿ. ಈ ಜಾತಿಯಲ್ಲಿ ಸಾಮಾನ್ಯವಾಗಿ ಹಗಲಿನ ನಡುಭಾಗ ಗಂಡಿನ ಪಾಳಿ, ಮಿಕ್ಕ ಹೊತ್ತು ಹೆಣ್ಣಿನದು. ಮೊಟ್ಟೆ ಎರಡು, ಬಿಳಿ. ಕಾವು ಸುಮಾರು ಎರಡು ವಾರ, ಮರಿ ಗೂಡಿನಲ್ಲಿರೋದು ಮತ್ತೆರಡು ವಾರ. ಅಂದರೆ ನಿಮ್ಮ ಮೂರು ವಾರಕ್ಕೆ ಪೂರ್ತಿ ಚಕ್ರ ಸಿಗಲ್ಲ. ಮೊದಲ ದಿನ ಯಾವ ಹಂತದಲ್ಲಿತ್ತು ಅಂತ ಬರೆದುಕೊಂಡು ಅಲ್ಲಿಂದ ಎಣಿಸಿ.

ಈಗ ನಿಮ್ಮ ‘ಮರಿ ಸಾಕಣೆ’ ಸಾಲು. ಇಡೀ ಹೋಲಿಕೆಯಲ್ಲಿ ತಿರುಳಿರೋದು ಇಲ್ಲೇ. ಬೆಳವ, ಪಾರಿವಾಳಗಳು ಮರಿಗೆ ಹಾಲು ಕೊಡ್ತವೆ. ಹಸುವಿನ ಹಾಲಲ್ಲ. ಮೊಟ್ಟೆ ಒಡೆಯುವ ಹೊತ್ತಿಗೆ ತಂದೆತಾಯಿ ಇಬ್ಬರ ಗಂಟಲಚೀಲದ ಒಳಪದರ ದಪ್ಪವಾಗಿ, ಕೊಬ್ಬು ಪ್ರೋಟೀನು ತುಂಬಿದ ಜೀವಕೋಶಗಳು ಕಳಚಿಕೊಂಡು ಮೊಸರಿನ ಗರಣೆ ಥರ ಆಗುತ್ತೆ. ಅದರಲ್ಲಿ ಸಕ್ಕರೆ ಅಂಶ ಇಲ್ಲ ಅನ್ನಬಹುದು. ಮರಿ ತನ್ನ ಕೊಕ್ಕನ್ನು ದೊಡ್ಡದರ ಬಾಯೊಳಗೆ ತೂರಿಸಿ ತಗೊಳ್ಳುತ್ತೆ. ಮೊದಲ ಕೆಲವು ದಿನ ಬರೀ ಇದೇ, ಆಮೇಲೆ ನೆನೆದ ಕಾಳು ಸೇರಿಸಿ ಕೊಡ್ತಾ ಹೋಗ್ತವೆ. ಈ ಹಾಲನ್ನು ಸುರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ನಮ್ಮಲ್ಲೂ ಇರೋದೇ. ಅದಕ್ಕೆ ಆ ಹೆಸರು ಕೊಟ್ಟದ್ದು ಪಾರಿವಾಳದ ಗಂಟಲಚೀಲದ ಮೇಲೆ ಕೆಲಸ ಮಾಡುತ್ತಿದ್ದ ಅಮೆರಿಕದ ಆಸ್ಕರ್ ರಿಡಲ್ ತಂಡ, 1930ರ ದಶಕದ ಆರಂಭದಲ್ಲಿ.

ಎರಡಕ್ಕಿಂತ ಹೆಚ್ಚು ಮರಿಗೆ ಈ ಹಾಲು ಸಾಲೋದು ಕಷ್ಟ. ಆದರೆ ಮರಿಗೆ ಹುಳ ಹುಡುಕುವ ತಾಪತ್ರಯ ಇಲ್ಲದ್ದರಿಂದ ಹುಳದ ಕಾಲಕ್ಕೆ ಕಾಯಬೇಕಿಲ್ಲ, ವರ್ಷದ ಬಹುಭಾಗ ಗೂಡು ಕಟ್ಟಬಹುದು. ಕಾಳು ತಿಂದೂ ಮರಿಗೆ ಪ್ರೋಟೀನು ಉಣಿಸೋ ಉಪಾಯ ಇದು.

---

ಬೇರು_ಬಿಳಲು

ಮೇಲಿನವರ ಮಾತಿಗೆ ಮರದ ಕಡೆಯಿಂದ ಒಂದು ಜೋಡಣೆ. ‘ಮರಕ್ಕೆ ಮರಿ ಸಾಕಣೆ ಇಲ್ಲ’ ಅನ್ನೋದೂ ತಪ್ಪು. ಚೋರೆ ಕೊಡೋದು ಕೈತುತ್ತು, ಮರ ಕೊಡೋದು ಬುತ್ತಿ. ಬೀಜದೊಳಗಿನ ಆಹಾರ ತಾಯಿಮರ ಕಟ್ಟಿಕೊಟ್ಟ ಬುತ್ತಿಯೇ. ಮಾವಿನ ಮರ ದೊಡ್ಡ ಬುತ್ತಿ ಕಟ್ಟಿ ಸ್ವಲ್ಪ ಮಕ್ಕಳನ್ನು ಕಳಿಸುತ್ತೆ. ಅತ್ತಿಯದು ಒಂದು ಮಿಲಿಮೀಟರ್ ಆಸುಪಾಸಿನ ಬೀಜ, ಚಿಟಿಕೆಯಷ್ಟೂ ಬುತ್ತಿ ಇಲ್ಲ, ಆದರೆ ಸಂಖ್ಯೆಗೆ ಮಿತಿಯಿಲ್ಲ.

ಇದನ್ನು ಮಕ್ಕಳು ಎಣಿಸಬಹುದು. ಹಣ್ಣಾದ ಒಂದು ಅತ್ತಿಯನ್ನು ನಾಲ್ಕು ಸಮಭಾಗ ಮಾಡಿ. ಒಂದು ಭಾಗವನ್ನು ಟೀ ಸೋಸುವ ಜಾಲರಿಯಲ್ಲಿ ಹಾಕಿ ನಲ್ಲಿ ಕೆಳಗೆ ತಿಕ್ಕಿ ತೊಳೆದು, ಬಿಳಿ ತಟ್ಟೆಯಲ್ಲಿ ಹರಡಿ, ಲೆನ್ಸ್ ಹಿಡಿದು ಎಣಿಸಿ ನಾಲ್ಕರಿಂದ ಗುಣಿಸಿ. ಹೀಗೆ ಐದು ಹಣ್ಣು ಮಾಡಿ ಸರಾಸರಿ ತೆಗೆಯಿರಿ. ಆಮೇಲೆ ಕಾಂಡದ ಮೇಲೆ ಎರಡು ಮೀಟರ್ ಎತ್ತರದವರೆಗೆ ಇರುವ ಕಾಯಿಗಳನ್ನು ಎಣಿಸಿ. ಅತ್ತಿ ಕಾಂಡಕ್ಕೂ ದಪ್ಪ ಕೊಂಬೆಗೂ ನೇರವಾಗಿ ಕಾಯಿ ಬಿಡೋದರಿಂದ ಏಣಿಯಿಲ್ಲದೆ ಇದು ಸಾಧ್ಯ. ಇಡೀ ಮರದ ಲೆಕ್ಕ ಬೇಡ, ಆ ಎರಡು ಮೀಟರಿನಲ್ಲೇ ಸಂಖ್ಯೆ ಎಲ್ಲಿಗೆ ಹೋಗುತ್ತೆ ನೋಡಿ. ಆ ಕಡೆ ಗೂಡಿನಲ್ಲಿ ಎರಡು.

---

ಕಣಜ_ಕಾಳು

ಅತ್ತಿಯ ಬಗ್ಗೆ ಮಾತಾಡಿ ಕಣಜದ ಸುದ್ದಿಯೇ ಬರಲಿಲ್ಲ! ‘ಅತ್ತಿಗೆ ಹೂವೇ ಬಿಡಲ್ಲ’ ಅಂತ ಮಕ್ಕಳು ಹೇಳಿಯೇ ಹೇಳ್ತಾರೆ. ನಾವು ಕಾಯಿ ಅನ್ನೋದೇ ಹೂಗೊಂಚಲು. ಒಳಗೆ ಮುಖ ಮಾಡಿಕೊಂಡು ಸಾವಿರಾರು ಪುಟ್ಟ ಹೂ. ತುದಿಯ ಕಿರುಬಾಯಿಯಿಂದ ನುಗ್ಗಬಲ್ಲ ಕಣಜವೇ ಪರಾಗ ತರಬೇಕು. ನಮ್ಮ ಅತ್ತಿಗೆ, ಅಂದರೆ ಫೈಕಸ್ ರೇಸಿಮೋಸಕ್ಕೆ, ಆ ಕೆಲಸದವಳು ಸೆರಟೋಸೋಲೆನ್ ಫ್ಯೂಸಿಸೆಪ್ಸ್. ಒಳಗೆ ಹೋಗುವಾಗ ರೆಕ್ಕೆ ಮುರಿಯುತ್ತೆ. ಪರಾಗ ಹಚ್ಚಿ, ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು ಅಲ್ಲೇ ಸಾಯ್ತಾಳೆ. ಸುಮಾರು ಒಂದು ತಿಂಗಳಲ್ಲಿ ಮಕ್ಕಳು ಹೊರಡುತ್ತವೆ. ರೆಕ್ಕೆಯಿಲ್ಲದ ಗಂಡುಗಳು ಗೋಡೆ ಕೊರೆದು ದಾರಿ ಮಾಡಿ ಸಾಯ್ತವೆ. ಹೆಣ್ಣುಗಳು ಎದೆಯ ಚೀಲದಲ್ಲಿ ಪರಾಗ ತುಂಬಿಕೊಂಡು ಹಾರಿ, ಒಂದೆರಡು ದಿನದೊಳಗೆ ಬೇರೆ ಮರ ಹುಡುಕಬೇಕು.

ಹೋಲಿಕೆಗೆ ಇದು ಬೇಕೇ ಬೇಕು. ಚೋರೆ ಜೋಡಿಯನ್ನು ತಾನೇ ಹುಡುಕುತ್ತೆ, ಕತ್ತು ಉಬ್ಬಿಸಿ ತಲೆ ಬಾಗಿಸಿ ಕೂಗುತ್ತೆ. ಅತ್ತಿ ಆ ಓಡಾಟವನ್ನು ಗುತ್ತಿಗೆಗೆ ಕೊಟ್ಟಿದೆ, ಕೂಲಿಯಾಗಿ ತನ್ನ ಹೂಗಳಲ್ಲಿ ಒಂದು ಪಾಲು ಬಿಟ್ಟುಕೊಡುತ್ತೆ.

ನೋಡೋದು ಹೇಗೆ: ಪೂರ್ತಿ ಗಾತ್ರಕ್ಕೆ ಬಂದಿರುವ, ಇನ್ನೂ ಹಸಿರಾಗಿರುವ, ಒತ್ತಿದರೆ ತುಸು ಮೆತ್ತಗಾದ ಆರೇಳು ಕಾಯಿ ಸಂಜೆ ಕಿತ್ತು, ಪ್ರತಿಯೊಂದನ್ನೂ ಬೇರೆ ಬೇರೆ ಬಾಟಲಿಯಲ್ಲಿ ಹಾಕಿ. ಬಾಯಿಗೆ ತೆಳು ಹತ್ತಿಬಟ್ಟೆ ಕಟ್ಟಿ ರಬ್ಬರ್‌ಬ್ಯಾಂಡ್ ಹಾಕಿ, ಸೊಳ್ಳೆಪರದೆ ಬಟ್ಟೆಯ ತೂತಿನಲ್ಲಿ ಕಣಜ ನುಸುಳಿಹೋಗುತ್ತೆ. ಹಂತ ಸರಿಯಿದ್ದರೆ ಬೆಳಗ್ಗೆ ಹೊತ್ತಿಗೆ ಬಂದಿರುತ್ತವೆ. ಎರಡು ದಿನವಾದರೂ ಬರದಿದ್ದರೆ ಬೇಗ ಕಿತ್ತಿದ್ದೀರಿ ಅಂತ, ಅದು ಇನ್ನು ಬರಲ್ಲ. ಕೆಂಪಾದದ್ದನ್ನು ಕಿತ್ತರೆ ಕಣಜ ಆಗಲೇ ಹೊರಟಿರುತ್ತೆ, ಸಿಗೋದು ನೊಣದ ಮರಿ, ಮೂತಿಹುಳ. ‘ಅತ್ತಿಹಣ್ಣು ಬಿಚ್ಚಿದರೆ ಬರೀ ಹುಳ’ ಅನ್ನೋರು ನೋಡಿರೋದು ಈ ಹಂತವನ್ನೇ.

ಬಂದವುಗಳಲ್ಲಿ ಹಿಂದೆ ಉದ್ದ ಬಾಲದಂಥ ಕೊಳವೆ ಇದ್ದರೆ ಅದು ಪರಾಗದ ಕಣಜವಲ್ಲ. ಹೊರಗಿನಿಂದಲೇ ಕಾಯಿಗೆ ಸೂಜಿ ಚುಚ್ಚಿ ಮೊಟ್ಟೆಯಿಟ್ಟು ಹೋಗುವ ಪುಕ್ಕಟೆ ಗಿರಾಕಿ. ಒಂದೇ ಕಾಯಿಂದ ಎರಡು ಮೂರು ಥರದವು ಬಂದರೆ ಆಶ್ಚರ್ಯವಿಲ್ಲ. ಅಂಥ ಒಂದರ ಸೂಜಿ ಮೊನೆಯಲ್ಲಿ ಸತು ಸೇರಿ ಗಟ್ಟಿಯಾಗಿರೋದನ್ನ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೇ 2014ರಲ್ಲಿ ಪ್ರಕಟಿಸಿದ್ದಾರೆ. ಕೂದಲಿಗಿಂತ ಸಣ್ಣ ಸೂಜಿ, ಹಸಿ ಕಾಯಿಯ ಗೋಡೆ ಕೊರೆಯುತ್ತೆ.

ಒಂದು ಎಚ್ಚರಿಕೆ: ಔದುಂಬರ ಅಂತ ಪೂಜೆ ನಡೆಯುವ ಮರವಾಗಿದ್ದರೆ ಕಾಯಿ ಕೀಳುವ ಮೊದಲು ಊರವರಿಗೆ ಒಂದು ಮಾತು ಹೇಳಿ. ಹಾಲು ಬಟ್ಟೆಗೆ ತಾಗಿದರೆ ಕಲೆ ಹೋಗಲ್ಲ.

---

ಮುಂಜಾನೆ_ದುರ್ಬೀನು

ಕೊನೆಯ ಸಾಲು, ಬೀಜ ಪ್ರಸಾರ, ಅದನ್ನು ತಿದ್ದದೆ ಬಿಡೋಕಾಗಲ್ಲ. ಚೋರೆ ಅತ್ತಿಯ ಬೀಜ ಹರಡಲ್ಲ. ಅದು ನೆಲದ ಮೇಲೆ ನಡೆದಾಡುತ್ತಾ ಹುಲ್ಲುಬೀಜ, ಕಳೆಬೀಜ, ಚೆಲ್ಲಿದ ಕಾಳು ಹೆಕ್ಕುವ ಹಕ್ಕಿ. ಬಿದ್ದ ಅತ್ತಿಹಣ್ಣಿಗೆ ಕೊಕ್ಕು ಹಾಕಿದರೂ ಬೀಜ ಉಳಿಯಲ್ಲ. ಜೊತೆಗೆ ನುಂಗಿದ ಸಣ್ಣ ಕಲ್ಲು ಮರಳಿನಿಂದ ಅದರ ಹೊಟ್ಟೆಯ ಮಾಂಸಚೀಲ ಬೀಸುಕಲ್ಲಿನ ಹಾಗೆ ಕಾಳನ್ನು ಅರೆದುಬಿಡುತ್ತೆ. ಹಣ್ಣು ತಿನ್ನೋ ಹಕ್ಕಿಯೆಲ್ಲ ಬೀಜ ಹರಡುತ್ತೆ ಅಂತ ಪಾಠದಲ್ಲಿ ಸರಳವಾಗಿ ಬರೆದುಬಿಡ್ತಾರೆ, ಈ ಬಳಗಕ್ಕೆ ಅದು ಸಲ್ಲಲ್ಲ. ಆಲ, ಅತ್ತಿಯ ಮೇಲೆ ಹಿಂಡುಹಿಂಡಾಗಿ ಬೀಳುವ ಹಸಿರು ಪಾರಿವಾಳಗಳೂ ಅಷ್ಟೇ. ಮಲೇಷ್ಯಾದ ಕಾಡಿನಲ್ಲಿ ಅತ್ತಿ ಜಾತಿಯ ಮರಗಳ ಮೇಲೆ ನಡೆದು 1989ರಲ್ಲಿ ಪ್ರಕಟವಾದ ಅಧ್ಯಯನ ಅವನ್ನು ಬೀಜಭಕ್ಷಕ ಅಂತಲೇ ಕರೆಯಿತು. ಅದೇ ಬಳಗದ ದೊಡ್ಡ ಕಾಡುಪಾರಿವಾಳ, ಡ್ಯೂಕುಲ ಕುಲದ್ದು, ಪಶ್ಚಿಮ ಘಟ್ಟದಲ್ಲಿ ಕಾಡು ಜಾಯಿಕಾಯಿಯಂಥ ದಪ್ಪ ಬೀಜವನ್ನೂ ಇಡಿಯಾಗಿ ನುಂಗಿ ಇಡಿಯಾಗಿಯೇ ಹೊರಹಾಕುತ್ತೆ. ಒಂದೇ ಮನೆತನ, ಹೊಟ್ಟೆ ಬೇರೆ.

ನಿಮ್ಮ ಅತ್ತಿಯ ಬೀಜ ಹೊರುವವರು ಬಾವಲಿ, ಕುಟ್ರುಹಕ್ಕಿ, ಪಿಕಳಾರ, ಕೋಗಿಲೆ, ಮಂಗ, ಕಾಡಂಚಾದರೆ ಮಂಗಟ್ಟೆ. ಪರೀಕ್ಷಿಸಬೇಕೆಂದರೆ ಮರದ ಕೆಳಗೆ ಸಂಜೆ ಹಳೇ ಬಿಳಿ ಪಂಚೆ ಹರಡಿ, ಹಗಲು ಬಿದ್ದ ಹಿಕ್ಕೆ ಬೇರೆ, ರಾತ್ರಿ ಬಿದ್ದದ್ದು ಬೇರೆ ನೋಡಬಹುದು. ಆದರೆ ರಾತ್ರಿಯದನ್ನೂ ಬಾವಲಿ ಕಚ್ಚಿದ ಹಣ್ಣನ್ನೂ ಮಕ್ಕಳು ಮುಟ್ಟೋದು ಬೇಡ. ನಿಪಾ ವೈರಸ್ಸಿನ ಕಾರಣಕ್ಕೆ ಈ ವಿಷಯದಲ್ಲಿ ಸಡಿಲ ಬಿಡಬಾರದು. ರಾತ್ರಿಯದು ದೂರದಿಂದ ನೋಡಿ ಬರೆಯೋಕೆ ಮಾತ್ರ, ಪಂಚೆಯನ್ನು ನೀವೇ ಕೈಗವಸು ಹಾಕಿ ಬಿಸಿನೀರು ಸೋಪಿನಲ್ಲಿ ತೊಳೆಯಿರಿ. ಹಗಲಿನ ಹಿಕ್ಕೆಯನ್ನು ಕೈಗವಸು, ಮಾಸ್ಕ್ ಹಾಕಿ ಜಾಲರಿಯಲ್ಲಿ ತೊಳೆದು ಬೀಜ ಆರಿಸಬಹುದು.

---

ತೇಲುದ್ವೀಪ

ಬೀಜ ಬಿತ್ತೋ ಪ್ರಯೋಗ ಮಾಡೋರಿಗೆ ಡೋಡೋ ಕಥೆ ಗೊತ್ತಿರಲಿ. ಮರ ಮತ್ತು ಬೆಳವದ ಹೋಲಿಕೆಯಲ್ಲಿ ಜಗತ್ತಿಗೇ ಹಬ್ಬಿದ ಎಡವಟ್ಟು ಅದು. ಡೋಡೋ ಕೂಡ ಪಾರಿವಾಳದ ಬಳಗವೇ. 2002ರ ಡಿಎನ್‌ಎ ಅಧ್ಯಯನದ ಪ್ರಕಾರ ಬದುಕಿರುವ ಹತ್ತಿರದ ನೆಂಟ ನಮ್ಮ ನಿಕೋಬಾರ್ ಪಾರಿವಾಳ. ಮಾರಿಷಸ್‌ನ ತಂಬಲಕೋಕ್ ಅನ್ನೋ ಮರದ ಗಟ್ಟಿ ಗೊರಟು ಡೋಡೋ ಹೊಟ್ಟೆಯಲ್ಲಿ ತೇಯ್ದರೆ ಮಾತ್ರ ಮೊಳೆಯುತ್ತೆ, ಡೋಡೋ ಅಳಿದು 300 ವರ್ಷ ಆದ್ದರಿಂದ ಉಳಿದಿರೋದು 13 ಮುದಿ ಮರ ಅಂತ 1977ರಲ್ಲಿ ಸ್ಟ್ಯಾನ್ಲಿ ಟೆಂಪಲ್ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಟರ್ಕಿ ಕೋಳಿಗಳಿಗೆ 17 ಗೊರಟು ನುಂಗಿಸಿದರು. 7 ಪುಡಿಯಾದವು, ಉಳಿದ 10ರಲ್ಲಿ 3 ಮೊಳೆತವು.

ಎಡವಿದ್ದೆಲ್ಲಿ? ನುಂಗಿಸದ ಗೊರಟುಗಳನ್ನು ಪಕ್ಕದಲ್ಲಿ ಬಿತ್ತಲೇ ಇಲ್ಲ. ಬೇರು_ಬಿಳಲು ಅವರ ಖಾಲಿ ಬಾಟಲಿ ಇಲ್ಲಿ ಇರಲಿಲ್ಲ. ತೇಯದ ಗೊರಟು ತಾನಾಗಿ ಮೊಳೆತ ದಾಖಲೆ 1940ರ ದಶಕದಲ್ಲೇ ಇತ್ತು. ಅದಕ್ಕೆ ಒಂದು ಸುತ್ತುಗೆರೆ ಇದೆ, ಮೊಳೆಯುವಾಗ ಅಲ್ಲೇ ಮುಚ್ಚಳದ ಹಾಗೆ ಬಿಚ್ಚಿಕೊಳ್ಳುತ್ತೆ. ಮರಗಳೂ 13ಕ್ಕಿಂತ ಹೆಚ್ಚಿದ್ದವು, 300 ವರ್ಷಕ್ಕಿಂತ ಎಳೆಯವೂ ಇದ್ದವು. 1991ರಲ್ಲಿ ವಿಟ್ಮರ್ ಮತ್ತು ಚೀಕ್ ಇದನ್ನೆಲ್ಲ ಒಟ್ಟುಮಾಡಿ ಆ ವಾದವನ್ನು ಮಗುಚಿದರು. ಮರ ಕಡಿಮೆಯಾಗಲು ಹೊರಗಿನಿಂದ ಬಂದ ಮಂಗ, ಹಂದಿ, ಜಿಂಕೆಗಳ ಕಾಟದಂಥ ಕಾರಣಗಳೇ ಹೆಚ್ಚು ನಂಬುವಂಥವು. ಆದರೂ ಹಳೇ ಕಥೆ ಇವತ್ತಿಗೂ ಫಾರ್ವರ್ಡ್ ಆಗ್ತಾನೇ ಇದೆ, ಅಷ್ಟು ಚೆನ್ನಾಗಿದೆ ಅದು.

ಹಾಗಾಗಿ ಅತ್ತಿ ಬೀಜವನ್ನು ಎರಡು ಟ್ರೇಯಲ್ಲಿ ಬಿತ್ತಿ: ಹಕ್ಕಿ ಹಿಕ್ಕೆಯಿಂದ ತೊಳೆದದ್ದು 50, ನೇರ ಹಣ್ಣಿನಿಂದ ತೆಗೆದದ್ದು 50. ಎರಡನ್ನೂ ನೀರಿಗೆ ಹಾಕಿ, ತೇಲುವುದನ್ನು ಬಿಸಾಡಿ. ತೇಲೋದರಲ್ಲಿ ಬಹಳಷ್ಟು ಕಣಜ ಬಿಟ್ಟುಹೋದ ಟೊಳ್ಳು. ಜರಡಿ ಹಿಡಿದ ಮರಳು, ತೆಂಗಿನನಾರಿನ ಪುಡಿ ಸಮಪಾಲು. ಬೀಜದ ಮೇಲೆ ಮಣ್ಣು ಮುಚ್ಚಬಾರದು, ಬೆಳಕು ಬೇಕು. ಮೇಲಿನಿಂದ ನೀರು ಹುಯ್ದರೆ ಬೀಜವೆಲ್ಲ ಒಂದು ಮೂಲೆಗೆ ಹೋಗುತ್ತೆ. ಟ್ರೇಯ ತಳಕ್ಕೆ ತೂತು ಮಾಡಿ, ನೀರಿರುವ ತಟ್ಟೆಯಲ್ಲಿ ಹತ್ತು ನಿಮಿಷ ಕೂರಿಸಿ ಕೆಳಗಿನಿಂದ ಹೀರಿಸಿ. ಮೇಲೆ ಗಾಜು ಮುಚ್ಚಿ ನೆರಳಿನಲ್ಲಿಡಿ, ದಿನಕ್ಕೊಮ್ಮೆ ಗಾಳಿಯಾಡಿಸಿ. ಇಲ್ಲದಿದ್ದರೆ ಬೂಷ್ಟು ಬಂದು ಮೊಳಕೆ ಬುಡದಲ್ಲೇ ಕೊಳೆತು ಮಲಗುತ್ತೆ. ಎರಡು ಮೂರು ವಾರದಲ್ಲಿ ಹಸಿರು ಚುಕ್ಕೆ ಕಾಣಬೇಕು. ಅದಕ್ಕೇ ಪ್ರಾಜೆಕ್ಟಿನ ಮೊದಲ ದಿನವೇ ಬಿತ್ತಿ.

---

ಸೀಮೆಸುಣ್ಣ

ಎಲ್ಲರಿಗೂ ಧನ್ಯವಾದ. ಪಟ್ಟಿಯ ಆರರಲ್ಲಿ ಒಂದೇ ಸಾಲು ಉಳಿದ ಹಾಗಾಯ್ತು! ಈಗ ಹೀಗೆ ಬದಲಿಸುತ್ತೇನೆ: ಊಟ ಎಲ್ಲಿಂದ, ಬೆಳವಣಿಗೆ, ಜೋಡಿ ಹುಡುಕುವುದು, ಮಕ್ಕಳ ಸಂಖ್ಯೆ, ಬುತ್ತಿ ಮತ್ತು ಕೈತುತ್ತು, ಬೀಜದ ಗತಿ.

ಎರಡು ಪ್ರಶ್ನೆ ಉಳಿದಿವೆ. ನೀರಿನ ವಿಷಯವನ್ನು ಎರಡಕ್ಕೂ ಸೇರಿಸಬಹುದೇ? ನಡುವೆ ಗೂಡು ಹಾಳಾದರೆ ಆ ಗುಂಪಿನ ಮಕ್ಕಳು ಏನು ಮಾಡಬೇಕು?

---

ಬೇರು_ಬಿಳಲು

ನೀರು ಒಳ್ಳೆಯ ಸಾಲು. ಹತ್ತು ಎಲೆಯ ರೆಂಬೆಗೆ ತೆಳು ಪಾರದರ್ಶಕ ಕವರ್ ಹಾಕಿ, ಬಾಯಿಯನ್ನು ದಾರದಿಂದ ಬಿಗಿದು, ಒಂದು ಮೂಲೆ ಕೆಳಗೆ ಬರುವಂತೆ ಬಾಗಿಸಿ. ಬೆಳಗ್ಗೆ 9ರಿಂದ 12ರವರೆಗೆ ಸಾಕು. ಮೂಲೆಯಲ್ಲಿ ಕೂಡಿದ ನೀರನ್ನು ಸೂಜಿಯಿಲ್ಲದ 5 ಮಿ.ಲೀ. ಸಿರಿಂಜಿನಲ್ಲಿ ಎಳೆದು ಓದಿ. ನೇರ ಬಿಸಿಲಿನ ರೆಂಬೆ ಬೇಡ, ಕವರ್ ಒಳಗೆ ಎಲೆ ಬೆಂದುಹೋಗುತ್ತೆ. ಮಂಜು ಆರಿದ ಮೇಲೆ ಕಟ್ಟಿ, ಇಲ್ಲದಿದ್ದರೆ ಮಂಜಿನ ನೀರೂ ಲೆಕ್ಕಕ್ಕೆ ಸೇರುತ್ತೆ. ಎಲೆ ಹರಿದು ಹಾಲು ಸುರಿದರೆ ಆ ಕವರನ್ನು ಕೈಬಿಡಿ. ಎಲೆಯ ವಿಸ್ತೀರ್ಣಕ್ಕೆ ಗ್ರಾಫ್ ಹಾಳೆಯ ಮೇಲೆ ಅಂಚು ಬರೆದು ಚೌಕ ಎಣಿಸಿ.

---

ಮುಂಜಾನೆ_ದುರ್ಬೀನು

ಚೋರೆಯ ಕಡೆಯಿಂದ: ಎರಡು ಸೆಂ.ಮೀ. ನೀರಿರುವ ಮಣ್ಣಿನ ತಟ್ಟೆಯನ್ನು ಬಯಲಲ್ಲಿ, ಬೆಕ್ಕು ಹೊಂಚುವ ಪೊದೆಯಿಂದ ದೂರ ಇಡಿ. ಕಾಗೆ, ಮೈನಾ ಒಂದು ಗುಟುಕು ತಗೊಂಡು ಕತ್ತೆತ್ತಿ ನುಂಗ್ತವೆ. ಚೋರೆ ಕೊಕ್ಕು ಅದ್ದಿದ್ದನ್ನು ಎತ್ತದೆ ಹೀರುತ್ತೆ. ಕತ್ತು ಎಷ್ಟು ಸಲ ಎತ್ತಿತು, ಎಷ್ಟು ಸೆಕೆಂಡ್ ಹೀರಿತು ಅಂತ ಬರೆಯಿರಿ. ತಿನ್ನೋದು ಒಣಕಾಳಾದ್ದರಿಂದ ಅದು ನೀರಿಗೆ ಬಂದೇ ಬರುತ್ತೆ. ತಟ್ಟೆಯನ್ನು ದಿನಾ ಉಜ್ಜಿ ತೊಳೆಯಿರಿ. ಕೊಳೆನೀರಿನಿಂದ ಬೆಳವಗಳಿಗೆ ಗಂಟಲುಹುಣ್ಣಿನ ರೋಗ ಒಂದರಿಂದೊಂದಕ್ಕೆ ಹರಡುತ್ತೆ.

ಗೂಡು ಹಾಳಾದರೆ ಅದೇ ಫಲಿತಾಂಶ. ತಾರೀಕು, ಹಂತ, ಕೆಳಗೆ ಬಿದ್ದಿದ್ದು ಏನು ಅಂತ ಬರೆಯಲಿ: ಮೊಟ್ಟೆಚಿಪ್ಪು ಒಡೆದಿತ್ತೋ, ಗರಿ ಇತ್ತೋ, ಬರೀ ಕಡ್ಡಿಯೋ. ಮರಿ ನೆಲದಲ್ಲಿದ್ದು ಮೈಯಲ್ಲಿ ಗರಿ ಬಂದಿದ್ದರೆ ಪೊದೆಯ ನೆರಳಿಗೆ ಬಿಟ್ಟು ದೂರ ಸರಿಯಿರಿ, ದೊಡ್ಡವು ಬಂದು ಉಣಿಸ್ತವೆ. ಅನ್ನ, ಹಾಲು, ಬಿಸ್ಕತ್ತು ತುರುಕಬೇಡಿ. ಚೋರೆಗಳು ಬೇಗ ಮತ್ತೆ ಕಟ್ಟುತ್ತವೆ, ಎಷ್ಟೋ ಸಲ ಹತ್ತಿರದಲ್ಲೇ. ಕೊಕ್ಕಿನಲ್ಲಿ ಒಂದೊಂದೇ ಕಡ್ಡಿ ಹಿಡಿದು ಎತ್ತ ಹಾರುತ್ತವೆ ನೋಡಿ, ಆ ಗುಂಪಿಗೆ ಗೂಡು ಕಟ್ಟುವ ಹಂತ ಮೊದಲಿನಿಂದ ಸಿಗುತ್ತೆ.